ಮೊಟ್ಟೆ: ಒಡಲಿನಲ್ಲಿ, ಒಲೆಯ ಮೇಲೆ

ಹೆಣ್ಣುಜೀವಿಯ ಒಡಲಲ್ಲಿ ರೂಪುಗೊಂಡು, ಗಂಡಿನ ವೀರ್ಯಾಣು ಕೂಡಿದರೆ ಹೊಸ ಜೀವಿಯಾಗಿ ಬೆಳೆಯಬಲ್ಲ ಕೋಶಕ್ಕೆ ಮೊಟ್ಟೆ ಎಂದು ಹೆಸರು. ದಿನಬಳಕೆಯಲ್ಲಿ ಮೊಟ್ಟೆ ಎಂದರೆ ಕೋಳಿಮೊಟ್ಟೆಯೇ. ಉತ್ತರ ಕರ್ನಾಟಕದವರಿಗೆ ಅದು ತತ್ತಿ, ತುಳುವರಿಗೆ ತೆತ್ತಿ. ಗ್ರಂಥಗಳಲ್ಲಿ ಬರುವ ಸಂಸ್ಕೃತ ಮಾತು ಅಂಡ. ಮೊಟ್ಟೆಯಾಗಿ ಒಮ್ಮೆ, ಮರಿಯಾಗಿ ಇನ್ನೊಮ್ಮೆ ಹುಟ್ಟುವುದರಿಂದ ಹಕ್ಕಿಯನ್ನು ದ್ವಿಜ ಎಂದು ಕರೆದರು. ಇಡೀ ವಿಶ್ವವನ್ನೇ ಬ್ರಹ್ಮಾಂಡ ಎಂದು ಮೊಟ್ಟೆಯ ಆಕಾರದಲ್ಲಿ ಕಂಡರು.

ಇಂದು ಈ ಮಾತು ಎರಡು ಕಡೆ ಹೆಚ್ಚಾಗಿ ಕೇಳಿಬರುತ್ತದೆ. ಒಂದು ಅಡುಗೆಮನೆ ಮತ್ತು ಅಂಗಡಿ, ಇನ್ನೊಂದು ಸ್ತ್ರೀರೋಗ ತಜ್ಞರ ಆಸ್ಪತ್ರೆ. ‘ಮೊಟ್ಟೆ ಬೆಳೀತಿಲ್ಲವಂತೆ’, ‘ಮೊಟ್ಟೆ ಒಡೆದಿದೆಯಂತೆ’, ‘ಮೊಟ್ಟೆ ಕಮ್ಮಿ ಇದೆಯಂತೆ’ ಎಂದು ಮದುವೆಯಾಗಿ ಎರಡು ಮೂರು ವರ್ಷವಾದ ಹೆಣ್ಣುಮಕ್ಕಳು ಹೇಳಿಕೊಳ್ಳುವುದು ಈಗ ಸಾಮಾನ್ಯ. ಪದ ಒಂದೇ ಆದ್ದರಿಂದ ತಿನ್ನುವ ಮೊಟ್ಟೆಗೂ ಹೆರುವ ಮೊಟ್ಟೆಗೂ ನಂಟು ಕಟ್ಟುವವರಿದ್ದಾರೆ. ಕೋಳಿಮೊಟ್ಟೆ ತಿಂದರೆ ಒಡಲಿನ ಮೊಟ್ಟೆ ಹೆಚ್ಚುವುದಿಲ್ಲ. ಆದರೆ ಎರಡರ ಬಗೆಗೂ ಇರುವ ತಪ್ಪು ತಿಳಿವಳಿಕೆಯ ಬೆಲೆಯನ್ನು ಹೆಚ್ಚಾಗಿ ಹೆಣ್ಣುಮಕ್ಕಳೇ ತೆರುತ್ತಿರುವುದರಿಂದ, ಎರಡನ್ನೂ ಒಟ್ಟಿಗೆ ನೋಡುವುದು ಒಳ್ಳೆಯದು.

ಹೆಣ್ಣಿನ ಅಂಡಾಣು

ಎಲ್ಲ ಜೀವಿಗಳೂ ಮೊಟ್ಟೆಯಿಂದಲೇ ಬರುತ್ತವೆ ಎಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1651ರಲ್ಲೇ ವಾದಿಸಿದ್ದ. ಆದರೆ ಹಾಲೂಡುವ ಪ್ರಾಣಿಯ ಮೊಟ್ಟೆಯನ್ನು ಅವನು ಕಂಡಿರಲಿಲ್ಲ. ಅದನ್ನು ಸೂಕ್ಷ್ಮದರ್ಶಕದಲ್ಲಿ ಕಂಡವನು ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್. 1827ರಲ್ಲಿ ನಾಯಿಯ ಅಂಡಾಶಯದಲ್ಲಿ ಕಂಡ ಆ ಹಳದಿ ಚುಕ್ಕೆಯಿಂದ ಸ್ತ್ರೀಯ ಪಾಲಿನ ಬೀಜದ ಚರ್ಚೆಗೆ ತೆರೆಬಿತ್ತು. ಅಲ್ಲಿಯವರೆಗೆ ‘ಬೀಜ ಗಂಡಿನದು, ಹೊಲ ಹೆಣ್ಣಿನದು’ ಎಂಬ ನಂಬಿಕೆ ಹಲವು ನಾಡುಗಳಲ್ಲಿ ಬೇರೂರಿತ್ತು. ನಮ್ಮಲ್ಲಿ ಅದು ಇನ್ನೂ ಪೂರ್ತಿ ಹೋಗಿಲ್ಲ. ನಿಜವಾಗಿ ಮಗುವಿನ ವರ್ಣತಂತುಗಳಲ್ಲಿ 23 ತಾಯಿಯವು, 23 ತಂದೆಯವು. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳು ಬರುವುದು ತಾಯಿಯ ಅಂಡಾಣುವಿನಿಂದ.

ಅಂಡಾಣು ಮನುಷ್ಯದೇಹದ ಅತಿ ದೊಡ್ಡ ಕೋಶ. ಹಾಗಿದ್ದರೂ ಅದರ ಅಡ್ಡಳತೆ ಸುಮಾರು 0.1 ಮಿಲಿಮೀಟರ್, ಬರಿಗಣ್ಣಿಗೆ ಕಂಡೂ ಕಾಣದ ಒಂದು ಚುಕ್ಕೆ. ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಮುಟ್ಟಾದ ಒಂಬತ್ತು ಹತ್ತನೇ ದಿನದಿಂದ ಎರಡು ದಿನಕ್ಕೊಮ್ಮೆ ಸ್ಕ್ಯಾನಿಂಗ್‌ಗೆ ಹೋಗಿಬರುವವರು ‘ಎಗ್ ಸೈಜ್ 18 ಬಂದಿದೆ’ ಎಂದು ಹೇಳುವುದುಂಟು. ಸ್ಕ್ಯಾನಿಂಗ್‌ನಲ್ಲಿ ಕಪ್ಪಗೆ ಗುಂಡಗೆ ಕಾಣುವುದು ಮೊಟ್ಟೆಯಲ್ಲ, ಮೊಟ್ಟೆ ಕೂತಿರುವ ನೀರಿನ ಗುಳ್ಳೆ. ವೈದ್ಯರು ಅದಕ್ಕೆ ಫಾಲಿಕಲ್ ಎನ್ನುತ್ತಾರೆ. ಅದು 18ರಿಂದ 24 ಮಿಲಿಮೀಟರ್ ಆಗುವ ಹೊತ್ತಿಗೆ ಒಡೆದು ಒಳಗಿನ ಅಂಡಾಣು ಹೊರಬರುತ್ತದೆ. ಆ ಗುಳ್ಳೆ ಎಷ್ಟೇ ಚೆನ್ನಾಗಿ ಬೆಳೆದರೂ ಒಳಗಿನ ಅಂಡಾಣುವಿನ ಗುಣ ಸ್ಕ್ಯಾನಿಂಗ್‌ಗೆ ಕಾಣುವುದಿಲ್ಲ. ‘ಸೈಜ್ ಬಂದಿತ್ತಲ್ಲ, ಯಾಕೆ ನಿಲ್ಲಲಿಲ್ಲ?’ ಎಂದು ತಿಂಗಳು ತಿಂಗಳೂ ನೊಂದುಕೊಳ್ಳುವವರಿಗೆ ಇಷ್ಟನ್ನು ಮೊದಲೇ ಬಿಡಿಸಿ ಹೇಳಿದರೆ ಎಷ್ಟೋ ನೆಮ್ಮದಿ.

ಹೆಣ್ಣಿನ ಅಂಡಾಣುಗಳ ಲೆಕ್ಕ ಅವಳು ಹುಟ್ಟುವ ಮೊದಲೇ ಶುರುವಾಗುತ್ತದೆ. ತಾಯಿಯ ಗರ್ಭದಲ್ಲಿ 20 ವಾರದ ಹೆಣ್ಣುಭ್ರೂಣದ ಅಂಡಾಶಯಗಳಲ್ಲಿ 60ರಿಂದ 70 ಲಕ್ಷ ಅಂಡಕೋಶಗಳಿರುತ್ತವೆ. ಹುಟ್ಟುವಾಗ ಉಳಿಯುವುದು 10ರಿಂದ 20 ಲಕ್ಷ. ಮೈನೆರೆಯುವ ವೇಳೆಗೆ ಮೂರು ನಾಲ್ಕು ಲಕ್ಷ. ಇಷ್ಟರಲ್ಲಿ ಬಲಿತು ಹೊರಬರುವುದು ಜೀವಮಾನದಲ್ಲಿ 400ರಿಂದ 500 ಮಾತ್ರ. ಪ್ರತಿ ತಿಂಗಳು ಹಲವು ಗುಳ್ಳೆಗಳು ಬೆಳೆಯತೊಡಗಿ, ಒಂದು ಮುಂದೆ ಹೋಗಿ, ಉಳಿದವು ಅಲ್ಲೇ ಕರಗಿಹೋಗುತ್ತವೆ. ಗರ್ಭನಿರೋಧಕ ಗುಳಿಗೆ ತಿಂದರೂ ಬಸುರಾದರೂ ಈ ಕರಗುವಿಕೆ ನಿಲ್ಲದು. ಅಂತೆಯೇ ಚಿಕಿತ್ಸೆಗಾಗಿ ಹಾರ್ಮೋನ್ ಚುಚ್ಚುಮದ್ದು ಕೊಟ್ಟರೆ ‘ಮೊಟ್ಟೆಯೆಲ್ಲ ಖಾಲಿಯಾಗುತ್ತದೆ’ ಎಂಬ ಭಯಕ್ಕೂ ಆಧಾರವಿಲ್ಲ. ಆ ತಿಂಗಳು ಹೇಗೂ ಕರಗಿಹೋಗಲಿದ್ದ ಕೆಲವನ್ನು ಅದು ಉಳಿಸಿ ಬೆಳೆಸುತ್ತದೆ, ಅಷ್ಟೆ.

ಹೊರಬಂದ ಅಂಡಾಣುವಿನ ಆಯುಸ್ಸು 12ರಿಂದ 24 ಗಂಟೆ. ವೀರ್ಯಾಣು ಹೆಣ್ಣಿನ ದೇಹದೊಳಗೆ ಐದು ದಿನದವರೆಗೆ ಬದುಕಬಲ್ಲದು. ಹಾಗಾಗಿ ಗರ್ಭ ನಿಲ್ಲುವ ಅವಕಾಶವಿರುವುದು ತಿಂಗಳಲ್ಲಿ ಸುಮಾರು ಆರು ದಿನ. ಅಂಡಾಣು ಹೊರಬಂದ ಮೇಲೆ ಸುಮಾರು 14 ದಿನಕ್ಕೆ ಮುಟ್ಟು ಬರುವುದರಿಂದ, 28 ದಿನದ ಋತುಚಕ್ರವಿರುವವರಲ್ಲಿ ಅಂಡಾಣುವಿನ ಬಿಡುಗಡೆ 14ನೇ ದಿನದ ಆಸುಪಾಸು ಬೀಳುತ್ತದೆ. ಚಕ್ರ 35 ದಿನದ್ದಾದರೆ 21ನೇ ದಿನಕ್ಕೆ ಹೋಗುತ್ತದೆ. ‘ಮುಟ್ಟಾಗಿ 14ನೇ ದಿನ’ ಎಂಬ ಒಂದೇ ಲೆಕ್ಕವನ್ನು ಎಲ್ಲರಿಗೂ ಹೇಳಿಕೊಡುವುದು ಸರಿಯಲ್ಲ.

ವಯಸ್ಸಿನ ಮಾತು ಕಹಿಯಾದರೂ ಆಡಲೇಬೇಕು. ಅಂಡಾಣುಗಳು ಹೊಸದಾಗಿ ಹುಟ್ಟುವುದಿಲ್ಲ. ಭ್ರೂಣಾವಸ್ಥೆಯಲ್ಲಿ ಅರ್ಧಕ್ಕೆ ನಿಂತ ಕೋಶವಿಭಜನೆ ಅಂಡಾಣು ಹೊರಬೀಳುವ ತಿಂಗಳಷ್ಟೇ ಮುಂದುವರಿಯುತ್ತದೆ. 38ನೇ ವಯಸ್ಸಿನ ಹೆಣ್ಣಿನ ಅಂಡಾಣುವಿಗೂ 38 ದಾಟಿರುತ್ತದೆ. ಇಷ್ಟು ಕಾಲ ನಿಂತ ವಿಭಜನೆಯಲ್ಲಿ ವರ್ಣತಂತುಗಳು ಸರಿಯಾಗಿ ಬೇರ್ಪಡದೆ ಉಳಿಯುವುದು ಹೆಚ್ಚು. ಗರ್ಭಪಾತವೂ ಡೌನ್ ಸಿಂಡ್ರೋಮ್‌ನ ಸಂಭವವೂ ವಯಸ್ಸಿನೊಂದಿಗೆ ಏರುವುದಕ್ಕೆ ಇದೇ ಕಾರಣ. ತಾಯಿಗೆ 25 ಇದ್ದಾಗ ಡೌನ್ ಸಿಂಡ್ರೋಮ್ ಮಗು ಹುಟ್ಟುವ ಸಂಭವ ಸುಮಾರು 1,250ಕ್ಕೆ ಒಂದು, 40ರಲ್ಲಿ 100ಕ್ಕೆ ಒಂದು. ಅಂಡಾಣುಗಳ ಸಂಖ್ಯೆ, ಗುಣಗಳ ಇಳಿಕೆ 35ರ ನಂತರ ವೇಗ ಪಡೆಯುತ್ತದೆ. ಭಾರತದ ಹೆಣ್ಣುಮಕ್ಕಳಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46-47, ಪಾಶ್ಚಾತ್ಯರಿಗಿಂತ ನಾಲ್ಕೈದು ವರ್ಷ ಮುಂಚೆ. ಉಳಿದ ಅಂಡಾಣುಗಳ ಅಂದಾಜಿಗೆ ಎಎಂಎಚ್ ಎಂಬ ರಕ್ತಪರೀಕ್ಷೆಯಿದೆ. ಅದು ಸಂಖ್ಯೆಯ ಸುಳಿವು ಕೊಡುತ್ತದೆಯೇ ಹೊರತು ಗುಣದ್ದಲ್ಲ. ಎಎಂಎಚ್ ಕಡಿಮೆ ಬಂದವರೆಲ್ಲ ಬಸುರಾಗುವುದಿಲ್ಲವೆಂದು ಕೈಚೆಲ್ಲಬೇಕಿಲ್ಲ.

ಬಂಜೆತನವೆಂಬ ಮಾತು

ಒಂದು ವರ್ಷ ಗರ್ಭನಿರೋಧಕವಿಲ್ಲದೆ ಕೂಡಿ ಬಾಳಿದರೂ ಬಸುರಾಗದಿದ್ದರೆ ವೈದ್ಯಶಾಸ್ತ್ರ ಅದನ್ನು ಬಂಜೆತನ ಎನ್ನುತ್ತದೆ. ಹೆಣ್ಣಿಗೆ 35 ದಾಟಿದ್ದರೆ ಆರು ತಿಂಗಳಿಗೇ ವೈದ್ಯರನ್ನು ಕಾಣಬೇಕು. ಬಂಜೆ, ಗೊಡ್ಡು ಎಂಬ ಮಾತುಗಳು ಕನ್ನಡದಲ್ಲಿ ಹೆಣ್ಣಿಗೆ ಮಾತ್ರ ಅಂಟಿವೆ. ಆದರೆ ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ ಗಂಡಿನ ಕಡೆಯ ಕಾರಣ ಒಂಟಿಯಾಗಿಯೋ ಜೊತೆಗೂಡಿಯೋ ಇರುತ್ತದೆ. ವೀರ್ಯಪರೀಕ್ಷೆ ಅಗ್ಗದ್ದು, ನೋವಿಲ್ಲದ್ದು. ಅದನ್ನು ಮಾಡಿಸದೆ ಹೆಂಡತಿಯನ್ನು ವರ್ಷಗಟ್ಟಲೆ ಗುಳಿಗೆ, ಹರಕೆ, ನಾಟಿ ಔಷಧಿ ಎಂದು ಅಲೆಸುವುದು ಅನ್ಯಾಯ. ಆ ವರ್ಷಗಳಲ್ಲಿ ಕರಗಿಹೋಗುವುದು ಅವಳ ಅಂಡಾಣುಗಳೇ.

ಹೆಣ್ಣಿನ ಕಡೆಯ ಕಾರಣಗಳಲ್ಲಿ ಇಂದು ಹೆಚ್ಚು ಕೇಳಿಬರುವುದು ಪಿಸಿಓಎಸ್. ಅಂಡಾಶಯದಲ್ಲಿ ಸಣ್ಣ ಗುಳ್ಳೆಗಳು ಗುಂಪಾಗಿ ನಿಂತು, ಯಾವುದೂ ಬಲಿತು ಒಡೆಯದ ಸ್ಥಿತಿ ಇದು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತದೆ. ಇವರಿಗೆ ಮೊಟ್ಟೆಯ ಕೊರತೆಯಿಲ್ಲ, ಬಿಡುಗಡೆಯ ತೊಡಕಿದೆ. ತೂಕ ಹೆಚ್ಚಿರುವವರು ಶೇ. 5ರಿಂದ 10ರಷ್ಟು ಇಳಿಸಿದರೂ ಎಷ್ಟೋ ಮಂದಿಗೆ ಮುಟ್ಟು ಸರಿಹೋಗುತ್ತದೆ. ಉಳಿದವರಿಗೆ ಅಂಡಾಣು ಬಿಡುಗಡೆಯಾಗಲು ಗುಳಿಗೆಗಳಿವೆ. ಕ್ಷಯರೋಗ ಅಥವಾ ಸೋಂಕಿನಿಂದ ಅಂಡನಾಳ ಮುಚ್ಚಿಹೋಗುವುದು ನಮ್ಮ ದೇಶದ ಇನ್ನೊಂದು ಮುಖ್ಯ ಕಾರಣ.

ನಾಳ ಮುಚ್ಚಿದ್ದರೆ ಅಂಡಾಣುವನ್ನು ಹೊರತೆಗೆದು ದೇಹದ ಹೊರಗೆ ವೀರ್ಯಾಣುವಿನೊಡನೆ ಕೂಡಿಸಿ, ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವುದೇ ಐವಿಎಫ್. ಹೀಗೆ ಹುಟ್ಟಿದ ಜಗತ್ತಿನ ಮೊದಲ ಮಗು 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡಮ್‌ನಲ್ಲಿ ಜನಿಸಿದ ಲೂಯಿಸ್ ಬ್ರೌನ್. ರಾಬರ್ಟ್ ಎಡ್ವರ್ಡ್ಸ್, ಪ್ಯಾಟ್ರಿಕ್ ಸ್ಟೆಪ್ಟೊ, ಜೀನ್ ಪರ್ಡಿ ಇದರ ಹಿಂದಿದ್ದವರು. ಎಡ್ವರ್ಡ್ಸ್‌ಗೆ 2010ರಲ್ಲಿ ನೊಬೆಲ್ ಬಂತು.

ಲೂಯಿಸ್ ಹುಟ್ಟಿ 70 ದಿನಕ್ಕೆ, 1978ರ ಅಕ್ಟೋಬರ್ 3ರಂದು, ಕೋಲ್ಕತ್ತದಲ್ಲಿ ಇನ್ನೊಂದು ಮಗು ಹುಟ್ಟಿತು. ವೈದ್ಯ ಸುಭಾಷ್ ಮುಖರ್ಜಿ ಆ ಮಗುವಿನ ಭ್ರೂಣವನ್ನು 53 ದಿನ ಶೈತ್ಯದಲ್ಲಿಟ್ಟು ಆಮೇಲೆ ತಾಯಿಯ ಗರ್ಭಕ್ಕೆ ಸೇರಿಸಿದ್ದರು. ಲೋಕ ಆಗಿನ್ನೂ ಆ ವಿಧಾನಕ್ಕೆ ಬಂದಿರಲಿಲ್ಲ. ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. ವಿದೇಶಕ್ಕೆ ಹೋಗಿ ವಿವರಿಸಲು ಅವಕಾಶ ಸಿಗಲಿಲ್ಲ, ವರ್ಗಾವಣೆಗಳಾದವು. 1981ರ ಜೂನ್ 19ರಂದು ಅವರು ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು. 1986ರ ಆಗಸ್ಟ್ 6ರಂದು ಮುಂಬೈನಲ್ಲಿ ಇಂದಿರಾ ಹಿಂದೂಜಾ ಮತ್ತು ಟಿ.ಸಿ. ಆನಂದ್ ಕುಮಾರ್ ಅವರ ತಂಡದ ಶ್ರಮದಿಂದ ಹುಟ್ಟಿದ ಮಗು ಭಾರತದ ಮೊದಲ ಪ್ರನಾಳ ಶಿಶು ಎನಿಸಿತು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಆನಂದ್ ಕುಮಾರ್ ಮುಖರ್ಜಿಯವರ ಟಿಪ್ಪಣಿಗಳನ್ನು ಓದಿ ನೋಡಿ, ಮೊದಲ ಶ್ರೇಯಸ್ಸು ತಮ್ಮದಲ್ಲ, ಅವರದು ಎಂದು 1997ರಲ್ಲಿ ಬರೆದು ಪ್ರಕಟಿಸಿದರು. ತನ್ನ ಹೆಸರಿನ ಮುಂದಿದ್ದ ‘ಮೊದಲ’ ಎಂಬ ಮಾತನ್ನು ತಾನೇ ತೆಗೆದು ತೀರಿಹೋದವನಿಗೆ ಕೊಟ್ಟ ವಿಜ್ಞಾನಿಗಳು ವಿರಳ. ಭಾರತದ ವೈದ್ಯಕೀಯ ಚರಿತ್ರೆಯ ಈ ಪುಟವನ್ನು ಶಾಲೆಗಳಲ್ಲಿ ಓದಿಸಬೇಕು.

ಅಂಡಾಣುಗಳನ್ನು ಹೊರತೆಗೆದು ಶೈತ್ಯದಲ್ಲಿ ಕಾಪಿಡುವ ಪದ್ಧತಿ ಈಗ ನಗರಗಳಲ್ಲಿ ಬಳಕೆಗೆ ಬಂದಿದೆ. ಕ್ಯಾನ್ಸರ್ ಚಿಕಿತ್ಸೆಗೆ ಹೊರಟ ಹುಡುಗಿಯರಿಗೆ ಇದು ವರದಾನ. ಓದು, ಕೆಲಸದ ಕಾರಣಕ್ಕೆ ತಾಯ್ತನ ಮುಂದೂಡುವವರೂ ಮಾಡಿಸುತ್ತಾರೆ. ಅವರು ತಿಳಿದಿರಬೇಕಾದ್ದು: ಕಾಪಿಟ್ಟ ಮೊಟ್ಟೆ ಮಗುವಿನ ಭರವಸೆಯಲ್ಲ, ಒಂದು ಅವಕಾಶ. 35ರ ಒಳಗೆ ಇಟ್ಟರೆ ಫಲ ಹೆಚ್ಚು. ಅಂಡದಾನದ ವಿಷಯದಲ್ಲಿ 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆ ಬಿಗಿ ನಿಯಮ ಹಾಕಿದೆ. ದಾನಿಗೆ 23ರಿಂದ 35 ವಯಸ್ಸಿರಬೇಕು. ಜೀವಮಾನದಲ್ಲಿ ಒಮ್ಮೆ ಮಾತ್ರ ಕೊಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ಬಡ ಹೆಣ್ಣುಮಕ್ಕಳನ್ನು ಮತ್ತೆ ಮತ್ತೆ ಚುಚ್ಚುಮದ್ದಿಗೆ ಒಡ್ಡುವ ದಂಧೆಗೆ ಕಡಿವಾಣ ಹಾಕುವ ಈ ನಿಯಮ ಬೇಕಾಗಿತ್ತು.

ಕೋಳಿಮೊಟ್ಟೆ

ಕೋಳಿಮೊಟ್ಟೆಯಲ್ಲಿ ನಿಜವಾದ ಅಂಡಾಣು ಎಂದರೆ ಹಳದಿ ಲೋಳೆ. ಬಿಳಿ ಲೋಳೆ, ಪೊರೆ, ಚಿಪ್ಪು ಆಮೇಲೆ ಸುತ್ತಿಕೊಂಡ ಹೊದಿಕೆಗಳು. ಕೋಳಿಗೆ ಎಡಗಡೆಯ ಅಂಡಾಶಯ ಮಾತ್ರ ಕೆಲಸ ಮಾಡುತ್ತದೆ. ಅಲ್ಲಿಂದ ಜಾರಿದ ಹಳದಿಗೆ ನಾಳದಲ್ಲಿ ಮೂರು ಗಂಟೆ ಬಿಳಿ ಲೋಳೆ ಸುತ್ತುತ್ತದೆ, ಒಂದೂಕಾಲು ಗಂಟೆಯಲ್ಲಿ ಪೊರೆ, ಆಮೇಲೆ ಸುಮಾರು 20 ಗಂಟೆ ಸುಣ್ಣದ ಚಿಪ್ಪು. ಒಟ್ಟು 24ರಿಂದ 26 ಗಂಟೆ. ಹಾಗಾಗಿ ದಿನಕ್ಕೆ ಒಂದಕ್ಕಿಂತ ಹೆಚ್ಚು ಇಡಿಸಲು ಯಾವ ತಳಿಯಿಂದಲೂ ಆಗಿಲ್ಲ. ಚಿಪ್ಪಿನ ಶೇ. 94ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್. ಅದರಲ್ಲಿರುವ ಏಳು ಸಾವಿರಕ್ಕೂ ಮಿಕ್ಕ ಸೂಕ್ಷ್ಮ ರಂಧ್ರಗಳ ಮೂಲಕ ಮೊಟ್ಟೆ ಉಸಿರಾಡುತ್ತದೆ.

ಹುಂಜವಿಲ್ಲದೆಯೂ ಕೋಳಿ ಮೊಟ್ಟೆ ಇಡುತ್ತದೆ. ಫಾರಂ ಮೊಟ್ಟೆಯಲ್ಲಿ ಮರಿಯಾಗುವ ಜೀವವಿಲ್ಲ, ಕಾವಿಗಿಟ್ಟರೂ ಮರಿಯಾಗದು. ಹಳ್ಳಿಮನೆಯಲ್ಲಿ ಕಾವಿಗೆ ಕೂರಿಸುವ ರೀತಿ ಬೇರೆ. ಹ್ಯಾಟೆ ಮೊಟ್ಟೆ ಇಡುವುದನ್ನು ನಿಲ್ಲಿಸಿ ಗರಿ ಕೆದರಿಕೊಂಡು ಕೊಕ್ ಕೊಕ್ ಎನ್ನತೊಡಗಿದರೆ ಅದು ಕಾವಿಗೆ ಬಂದಿದೆ ಎಂದು ಅಜ್ಜಿಯರಿಗೆ ಗೊತ್ತಾಗುತ್ತದೆ. ಮಂಕರಿಗೆ ಹುಲ್ಲೋ ಬೂದಿಯೋ ಹಾಸಿ, ಹತ್ತು ಹನ್ನೆರಡು ಮೊಟ್ಟೆ ಇಟ್ಟು ಕತ್ತಲೆ ಮೂಲೆಯಲ್ಲಿ ಕೂರಿಸುತ್ತಾರೆ. ಕೋಳಿ ಕೊಕ್ಕಿನಿಂದ ಮೊಟ್ಟೆಗಳನ್ನು ದಿನಕ್ಕೆ ಹಲವು ಸಲ ಹೊರಳಿಸುತ್ತದೆ, ಇಲ್ಲದಿದ್ದರೆ ಭ್ರೂಣ ಪೊರೆಗೆ ಅಂಟಿ ಸಾಯುತ್ತದೆ. 21 ದಿನಕ್ಕೆ ಮರಿ ಚಿಪ್ಪು ಕುಕ್ಕಿ ಹೊರಬರುತ್ತದೆ. ಮರಿ ಮಾಡುವ ಯಂತ್ರಗಳು ಅನುಕರಿಸುವುದೂ ಇದನ್ನೇ: 37.5 ಡಿಗ್ರಿ ಶಾಖ, ತೇವ, ಹೊರಳಿಕೆ.

ಆಗ್ನೇಯ ಏಷ್ಯಾದಲ್ಲಿ ಪಳಗಿದ ಕೆಂಪು ಕಾಡುಕೋಳಿ ವರ್ಷಕ್ಕೆ ಇಡುತ್ತಿದ್ದುದು ಹತ್ತು ಹದಿನೈದು ಮೊಟ್ಟೆ. ನಮ್ಮ ನಾಟಿಕೋಳಿ 60-80 ಇಟ್ಟರೆ ಹೆಚ್ಚು. ಫಾರಂನ ಬಿಳಿ ಲೆಗ್‌ಹಾರ್ನ್ ವಂಶದ ಕೋಳಿ 300 ದಾಟುತ್ತದೆ. ಈ ಎರಡರ ನಡುವೆ ಹಿತ್ತಿಲಿಗೆ ಒಗ್ಗುವ ತಳಿ ಬೇಕೆಂದು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪಿಸಿದ್ದು ಗಿರಿರಾಜ, ಆಮೇಲೆ ಸ್ವರ್ಣಧಾರಾ. ಕಂದು ಮೊಟ್ಟೆ ಇಡುವ, ಹಿತ್ತಿಲ ಹುಳುಹುಪ್ಪಟೆ ಹೆಕ್ಕಿ ಬದುಕುವ ಈ ಕೋಳಿಗಳು ಎಷ್ಟೋ ರೈತ ಮಹಿಳೆಯರ ಕೈಖರ್ಚಿಗೆ ದಾರಿಯಾದವು. ಒಂದು ಕುಂದೆಂದರೆ ಗಿರಿರಾಜ ಕಾವಿಗೆ ಕೂರುವುದಿಲ್ಲ, ಅದರ ಮೊಟ್ಟೆಯನ್ನೂ ನಾಟಿ ಹ್ಯಾಟೆಯ ಕೆಳಗೇ ಇಡಬೇಕು.

ಭಾರತದಲ್ಲಿ 2023-24ರಲ್ಲಿ 14,277 ಕೋಟಿ ಮೊಟ್ಟೆ ಉತ್ಪಾದನೆಯಾಯಿತು. ತಲೆಗೆ ವರ್ಷಕ್ಕೆ 103. ಆಂಧ್ರಪ್ರದೇಶ, ತಮಿಳುನಾಡು, ತೆಲಂಗಾಣ, ಪಶ್ಚಿಮ ಬಂಗಾಳಗಳ ನಂತರ ಕರ್ನಾಟಕಕ್ಕೆ ಐದನೇ ಸ್ಥಾನ. ಬೆಲೆ ತಿಳಿಸುವ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ (ಎನ್‌ಇಸಿಸಿ) 1982ರಲ್ಲಿ, ದಲ್ಲಾಳಿಗಳು ಹೇಳಿದ್ದೇ ಬೆಲೆಯಾಗಿದ್ದ ಕಾಲದಲ್ಲಿ, ಕೋಳಿ ಸಾಕಣೆದಾರರು ಬಿ.ವಿ. ರಾವ್ ಅವರ ಮುಂದಾಳತ್ವದಲ್ಲಿ ಕಟ್ಟಿದ ಸಂಘ. ಹೊಸಪೇಟೆ, ಮೈಸೂರು, ಬೆಂಗಳೂರಿನ ದರ ದಿನವೂ ಪ್ರಕಟವಾಗುತ್ತದೆ. ಶ್ರಾವಣ ಬಂದರೆ ದರ ಇಳಿಯುವುದು, ಚಳಿಗೆ ಏರುವುದು ವ್ಯಾಪಾರಿಗಳಿಗೆ ಗೊತ್ತಿರುವ ಲೆಕ್ಕ.

ಮೊಟ್ಟೆಯ ಮಾತು ಬಂದಾಗ ರಾಮನಗರ, ಶಿಡ್ಲಘಟ್ಟ, ಕೋಲಾರದ ಕಡೆಯ ರೈತರಿಗೆ ಮೊದಲು ನೆನಪಾಗುವುದು ರೇಷ್ಮೆಮೊಟ್ಟೆ. ‘ಈ ಸಲ ನೂರು ಮೊಟ್ಟೆ ಮೇಯಿಸ್ತಿದ್ದೀವಿ’ ಎಂದರೆ ನೂರು ಚಿಟ್ಟೆಗಳು ಇಟ್ಟ ನೂರು ಕಂತು. ಒಂದೊಂದರಲ್ಲಿ 400-500 ಹುಳು, ಒಟ್ಟು ನಲವತ್ತು ಐವತ್ತು ಸಾವಿರ. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಗಂಟುರೋಗವಿಲ್ಲದಿದ್ದರೆ ಮಾತ್ರ ಅದರ ಮೊಟ್ಟೆಯನ್ನು ಬಿತ್ತನೆಗೆ ಕೊಡುವ ಕ್ರಮವನ್ನು ಕಲಿಸಿದವನು ಲೂಯಿ ಪಾಶ್ಚರ್. ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ಅದೇ ನಡೆಯುತ್ತದೆ.

ಅಡುಗೆಯಲ್ಲಿ

ಮೊಟ್ಟೆ ತಾಜಾ ಇದೆಯೇ ಎಂದು ನೋಡಲು ಒಂದು ಪಾತ್ರೆ ನೀರು ಸಾಕು. ತಳದಲ್ಲಿ ಅಡ್ಡ ಮಲಗಿದರೆ ಹೊಸದು, ನಿಂತರೆ ಹಳೆಯದು, ತೇಲಿದರೆ ಎಸೆಯುವುದೇ ಮೇಲು. ದಿನ ಕಳೆದಂತೆ ಚಿಪ್ಪಿನ ರಂಧ್ರಗಳಿಂದ ತೇವ ಹೋಗಿ, ಮೊಂಡು ತುದಿಯ ಗಾಳಿಯ ಅರೆ ದೊಡ್ಡದಾಗುವುದು ಇದಕ್ಕೆ ಕಾರಣ. ಮೊಟ್ಟೆಯನ್ನು ತಂದ ಕೂಡಲೇ ತೊಳೆದಿಡುವ ಅಭ್ಯಾಸ ಒಳ್ಳೆಯದಲ್ಲ. ಚಿಪ್ಪಿನ ಮೇಲಿನ ತೆಳು ಲೇಪ ಹೋದರೆ ಕೊಳೆ ಒಳಗೆ ಹೋಗಲು ದಾರಿಯಾಗುತ್ತದೆ. ಬೇಯಿಸುವ ಹೊತ್ತಿಗೆ ತೊಳೆದರಾಯಿತು.

ಬಿಳಿ ಲೋಳೆ 62 ಡಿಗ್ರಿ ಶಾಖದ ಸುಮಾರಿಗೆ ಗಟ್ಟಿಯಾಗತೊಡಗುತ್ತದೆ, ಹಳದಿ 65ರಿಂದ 70ರಲ್ಲಿ. ಹೊತ್ತು ಮೀರಿ ಕುದಿಸಿದರೆ ಹಳದಿಯ ಸುತ್ತ ಹಸಿರುಬೂದಿ ಉಂಗುರ ಕಾಣುತ್ತದೆ. ಬಿಳಿಯ ಗಂಧಕವೂ ಹಳದಿಯ ಕಬ್ಬಿಣವೂ ಕೂಡಿದ್ದರಿಂದಾದ ಅದು ವಿಷವಲ್ಲ, ನೋಡಲು ಚೆಂದವಿಲ್ಲ ಅಷ್ಟೆ. ಅಂದಂದೇ ಇಟ್ಟ ಮೊಟ್ಟೆಯ ಸಿಪ್ಪೆ ಲೋಳೆಯೊಡನೆ ಕಿತ್ತುಬರುತ್ತದೆ. ವಾರ ಕಳೆದರೆ ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಬಿಳಿಯ ಕ್ಷಾರಗುಣ ಹೆಚ್ಚಿ ಸಲೀಸಾಗಿ ಸುಲಿಯುತ್ತದೆ. ಕುದಿಯುವ ನೀರಿಗೆ ಹಾಕಿ ಬೇಯಿಸಿ, ತಣ್ಣೀರಿಗೆ ಬಿಡುವುದು ಸುಲಿಯಲು ಅನುಕೂಲ.

ಕರಾವಳಿಯಲ್ಲಿ ನೀರುದೋಸೆಗೆ ಮೊಟ್ಟೆ ಗಸಿ, ಧಾರವಾಡದ ಕಡೆ ರೊಟ್ಟಿಗೆ ತತ್ತಿ ಪಲ್ಯ, ಪೇಟೆಗಳಲ್ಲಿ ಸಂಜೆಯ ಎಗ್‌ರೈಸ್ ಗಾಡಿ, ಬುರ್ಜಿ, ಆಮ್ಲೆಟ್. ಹಳೆ ಮೈಸೂರಿನ ಸೀಮೆಯ ಒಡೆದು ಬಿಟ್ಟ ಮೊಟ್ಟೆ ಸಾರನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ ಹುರಿದು, ತೆಂಗಿನಕಾಯಿ, ಹುರಿಗಡಲೆ, ಧನಿಯ, ಖಾರದಪುಡಿ ಸೇರಿಸಿ ನುಣ್ಣಗೆ ರುಬ್ಬುತ್ತಾರೆ. ಟೊಮೆಟೊ ಬಾಡಿಸಿದ ಒಗ್ಗರಣೆಗೆ ಅದನ್ನು ಹಾಕಿ ಹಸಿ ವಾಸನೆ ಹೋಗುವವರೆಗೆ ಕುದಿಸುತ್ತಾರೆ. ಆಮೇಲೆ ಉರಿ ಸಣ್ಣಗೆ ಮಾಡಿ, ಒಂದೊಂದೇ ಮೊಟ್ಟೆಯನ್ನು ಬಟ್ಟಲಿಗೆ ಒಡೆದು, ಕೆಟ್ಟಿಲ್ಲವೆಂದು ನೋಡಿ, ಸಾರಿನ ಮೇಲ್ಮೈಗೆ ತೀರ ಹತ್ತಿರದಿಂದ ಜಾರಿಸುತ್ತಾರೆ. ಜಾರಿಸಿದ ಮೇಲೆ ಸೌಟು ಆಡಿಸಬಾರದು. ಆಡಿಸಿದರೆ ಬಿಳಿ ಎಳೆಎಳೆಯಾಗಿ ಸಾರೆಲ್ಲ ಕದಡುತ್ತದೆ. ಮುಚ್ಚಳ ಮುಚ್ಚಿ ಏಳೆಂಟು ನಿಮಿಷ ಬಿಟ್ಟರೆ ಟೊಮೆಟೊದ ಹುಳಿಯ ನೆರವಿನಿಂದ ಬಿಳಿ ಬೇಗ ಕಟ್ಟಿಕೊಂಡು, ಹಳದಿ ಒಳಗೆ ಇಡಿಯಾಗಿ ಉಳಿಯುತ್ತದೆ. ಬೇಯಿಸಿ ಸುಲಿದ ಮೊಟ್ಟೆಗೆ ಹಿಡಿಯದ ಖಾರ ಇದಕ್ಕೆ ಹಿಡಿಯುತ್ತದೆ. ಬಿಸಿ ಮುದ್ದೆಗೆ ಇದಕ್ಕಿಂತ ಒಳ್ಳೆಯ ಜೊತೆ ಸಿಗುವುದು ಕಷ್ಟ.

ಪೋಷಣೆ

50 ಗ್ರಾಂ ತೂಗುವ ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, 5 ಗ್ರಾಂ ಕೊಬ್ಬು, 70ಕ್ಕೂ ಸ್ವಲ್ಪ ಹೆಚ್ಚು ಕ್ಯಾಲರಿ ಇರುತ್ತದೆ. ದೇಹ ತಾನೇ ತಯಾರಿಸಲಾರದ ಅಮೈನೋ ಆಮ್ಲಗಳೆಲ್ಲ ಸರಿಯಾದ ಪ್ರಮಾಣದಲ್ಲಿರುವುದರಿಂದ ಬೇರೆ ಆಹಾರಗಳ ಪ್ರೋಟೀನನ್ನು ಅಳೆಯಲು ಬಹುಕಾಲ ಮೊಟ್ಟೆಯನ್ನೇ ಮಾನದಂಡ ಮಾಡಿಕೊಂಡಿದ್ದರು. ಎ, ಡಿ, ಬಿ12 ಜೀವಸತ್ವಗಳು, ಸೆಲೆನಿಯಂ, ಕೋಲೀನ್ ಬಹುಪಾಲು ಹಳದಿಯಲ್ಲೇ ಇವೆ. ಒಂದು ಮೊಟ್ಟೆಯಿಂದ ಸಿಗುವ 140 ಮಿಲಿಗ್ರಾಂಗೂ ಹೆಚ್ಚಿನ ಕೋಲೀನ್ ಗರ್ಭದ ಶಿಶುವಿನ ಮಿದುಳಿಗೆ ಬೇಕಾದದ್ದು. ಹಳದಿ ತೆಗೆದೆಸೆದು ಬಿಳಿ ಮಾತ್ರ ತಿನ್ನುವವರು ಇದನ್ನೆಲ್ಲ ಕಳೆದುಕೊಳ್ಳುತ್ತಾರೆ. ಮೊಟ್ಟೆಯಲ್ಲಿ ಸಿ ಜೀವಸತ್ವವಿಲ್ಲ, ನಾರಿಲ್ಲ. ಕಬ್ಬಿಣ ಸ್ವಲ್ಪ ಇದ್ದರೂ ಹಳದಿಯ ಒಂದು ಪ್ರೋಟೀನ್ ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ದೇಹಕ್ಕೆ ಸರಿಯಾಗಿ ಸಿಗದು. ರಕ್ತಹೀನತೆಗೆ ಮೊಟ್ಟೆ ಮದ್ದಲ್ಲ. ಸೊಪ್ಪು, ಕಾಳು, ಜೊತೆಗೆ ನಿಂಬೆಹುಳಿ, ಕಬ್ಬಿಣದ ಗುಳಿಗೆ ಬೇಕೇ ಬೇಕು.

ಒಂದು ಮೊಟ್ಟೆಯಲ್ಲಿ ಸುಮಾರು 186 ಮಿಲಿಗ್ರಾಂ ಕೊಲೆಸ್ಟರಾಲ್ ಇದೆ. ಹೆಚ್ಚಿನ ಜನರಲ್ಲಿ ತಿಂದ ಕೊಲೆಸ್ಟರಾಲ್‌ಗಿಂತ ಯಕೃತ್ತು ತಯಾರಿಸುವುದೇ ಹೆಚ್ಚು, ತಿಂದದ್ದಕ್ಕೆ ತಕ್ಕಂತೆ ಅದು ತಯಾರಿಕೆಯನ್ನು ಕಡಿಮೆ ಮಾಡುತ್ತದೆ. ಅಮೆರಿಕದ ಆಹಾರ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಎಂಬ ಮಿತಿಯನ್ನು 2015ರ ಆವೃತ್ತಿಯಿಂದ ಕೈಬಿಟ್ಟಿತು. ಆರೋಗ್ಯವಂತರಿಗೆ ದಿನಕ್ಕೊಂದು ಮೊಟ್ಟೆ ಭಯಪಡುವಂಥದ್ದಲ್ಲ. ಸಕ್ಕರೆಕಾಯಿಲೆ, ಹೃದ್ರೋಗ ಇರುವವರು ವೈದ್ಯರನ್ನು ಕೇಳಿ ತಿನ್ನಬೇಕು. ನಾಟಿ ಮೊಟ್ಟೆಯಲ್ಲಿ ಶಕ್ತಿ ಬಹಳ ಎಂದು ಎರಡು ಪಟ್ಟು ಬೆಲೆ ಕೊಡುವವರಿದ್ದಾರೆ. ಚಿಪ್ಪಿನ ಬಣ್ಣ ತಳಿಯಿಂದ ಬರುತ್ತದೆ, ಹಳದಿಯ ಗಾಢತೆ ತಿಂದ ಸೊಪ್ಪು, ಜೋಳದಿಂದ. ರುಚಿಗಾಗಿ ಕೊಳ್ಳಬಹುದು. ಪ್ರೋಟೀನ್ ಎರಡರಲ್ಲೂ ಒಂದೇ.

ಮೈನೆರೆದ ಹುಡುಗಿಗೆ ನಾಟಿ ಮೊಟ್ಟೆಯನ್ನು ಎಳ್ಳೆಣ್ಣೆಯೊಡನೆ ಹಸಿಯಾಗಿ ಕುಡಿಸುವ ಪದ್ಧತಿ ದಕ್ಷಿಣ ಭಾರತದ ಹಲವು ಮನೆಗಳಲ್ಲಿದೆ. ಸೊಂಟ ಗಟ್ಟಿಯಾಗಲಿ, ಗರ್ಭಕೋಶಕ್ಕೆ ಬಲ ಬರಲಿ ಎಂಬ ಹಾರೈಕೆ ಅದು. ಬೆಳೆಯುವ ಹುಡುಗಿಗೆ ಒಳ್ಳೆಯ ಆಹಾರ ಕೊಡಬೇಕೆಂಬ ಹಿರಿಯರ ಕಾಳಜಿ ಸರಿಯಾದದ್ದೇ. ಹಸಿಯಾಗಿ ಕೊಡುವುದು ಮಾತ್ರ ತಪ್ಪು. ಹಸಿ ಮೊಟ್ಟೆಯ ಪ್ರೋಟೀನಿನಲ್ಲಿ ದೇಹಕ್ಕೆ ದಕ್ಕುವುದು ಸುಮಾರು ಅರ್ಧ, ಬೇಯಿಸಿದ್ದರಲ್ಲಿ ಶೇ. 90. ಹಸಿ ಬಿಳಿಯಲ್ಲಿರುವ ಎವಿಡಿನ್ ಎಂಬ ವಸ್ತು ಬಯೋಟಿನ್ ಜೀವಸತ್ವವನ್ನು ಕಟ್ಟಿಹಾಕುತ್ತದೆ. ಸಾಲ್ಮೊನೆಲ್ಲಾ ಸೋಂಕಿನ ಅಪಾಯ ಬೇರೆ. ಗರ್ಭಿಣಿಯರಂತೂ ಅರೆಬೆಂದದ್ದನ್ನೂ ತಿನ್ನಬಾರದು. ಇನ್ನು ‘ಮೊಟ್ಟೆ ಉಷ್ಣ, ಬಸುರಿ ತಿನ್ನಬಾರದು’ ಎಂದು ಪೂರ್ತಿ ನಿಲ್ಲಿಸುವವರಿದ್ದಾರೆ. ಚೆನ್ನಾಗಿ ಬೆಂದ ಮೊಟ್ಟೆಯಿಂದ ಗರ್ಭ ಇಳಿಯುತ್ತದೆ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ.

ಶಾಲೆಯ ತಟ್ಟೆ

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಇಂಥ ರಾಜ್ಯದಲ್ಲಿ ಮಕ್ಕಳಿಗೆ ಮೊಟ್ಟೆ ಕೊಡುವುದು ಎಷ್ಟೋ ವರ್ಷ ವಿವಾದದ ಮಾತಾಗಿತ್ತು. ಪಕ್ಕದ ತಮಿಳುನಾಡು 1989ರಲ್ಲೇ ಶಾಲೆಯ ಊಟಕ್ಕೆ ಮೊಟ್ಟೆ ಸೇರಿಸಿತ್ತು. ನಮ್ಮಲ್ಲಿ 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯ ಬಿಸಿಯೂಟದೊಂದಿಗೆ ಮೊಟ್ಟೆ ಬಂತು. ಶಾಲೆಗಳಿಗೆ ಬಂದದ್ದು 2021ರ ಡಿಸೆಂಬರ್‌ನಲ್ಲಿ, ಮೊದಲು ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಮತ್ತು ವಿಜಯಪುರಕ್ಕೆ. ಕೆಲವು ಮಠಾಧೀಶರು ವಿರೋಧಿಸಿದರು. ಮಕ್ಕಳೇ ಮುಂದೆ ಬಂದು ನಮಗೆ ಮೊಟ್ಟೆ ಬೇಕು ಎಂದು ಕ್ಯಾಮೆರಾದ ಮುಂದೆ ಕೇಳಿದರು. ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನೂ ಸಿಗದ ಗದಗಿನ ಮಕ್ಕಳನ್ನೂ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಹೋಲಿಸಿ ನೋಡಿ, ಮೊಟ್ಟೆ ತಿಂದ ಮಕ್ಕಳ ಬೆಳವಣಿಗೆ ಮೇಲಾಗಿದೆ ಎಂದು ವರದಿ ಕೊಟ್ಟಿತು. ಆಮೇಲೆ ಯೋಜನೆ ಇಡೀ ರಾಜ್ಯಕ್ಕೆ ಹರಡಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಮುಂದೆ ಬಂದ ಮೇಲೆ ವಾರದ ಆರೂ ದಿನ ಮೊಟ್ಟೆ ಸಿಗುವಂತಾಯಿತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಯಾರಿಗೂ ಬಲವಂತವಿಲ್ಲ. ತಿನ್ನುವ ಮಗುವಿಗೆ ತಿನ್ನದವರು ಅಡ್ಡಿಯಾಗದಿರುವುದೇ ಇಲ್ಲಿ ನ್ಯಾಯ.

ಒಂದು ಮೊಟ್ಟೆಗೆ ಸರ್ಕಾರ ಕೊಡುತ್ತಿದ್ದ ಆರು ರೂಪಾಯಿಯಲ್ಲಿ ಮೊಟ್ಟೆಯ ಬೆಲೆ, ಬೇಯಿಸುವ ಖರ್ಚು, ಸಿಪ್ಪೆ ಸುಲಿಯುವ 30 ಪೈಸೆ ಎಲ್ಲ ಸೇರಿದ್ದವು. ಚಳಿಗಾಲಕ್ಕೆ ದರ ಏರಿದಾಗ ಕೊರತೆ ತುಂಬಿದ್ದು ಎಷ್ಟೋ ಕಡೆ ಮುಖ್ಯಶಿಕ್ಷಕರ ಜೇಬು. ಮಾರುಕಟ್ಟೆಯ ದರಕ್ಕೆ ತಕ್ಕಂತೆ ಈ ಹಣವನ್ನು ಆಗಾಗ ಪರಿಷ್ಕರಿಸಬೇಕು.

ಮನೆಯ ಮಾತೂ ಒಂದಿದೆ. ಮೊಟ್ಟೆ ತಿನ್ನುವ ಮನೆಗಳಲ್ಲೂ ಸಾರಿನೊಳಗಿನ ಮೊಟ್ಟೆ ಮೊದಲು ಗಂಡಸರ, ಗಂಡುಮಕ್ಕಳ ತಟ್ಟೆಗೆ ಬಿದ್ದು, ಬಡಿಸಿದವಳಿಗೆ ಬರೀ ಸಾರು ಉಳಿಯುವುದು ಇಂದಿಗೂ ಇದೆ. ಮೈನೆರೆದ ಹುಡುಗಿಗೆ, ಬಸುರಿಗೆ, ಬಾಣಂತಿಗೆ ಮೊಟ್ಟೆಯನ್ನು ಚೆನ್ನಾಗಿ ಬೇಯಿಸಿ ಕೊಡಿ, ಬಡಿಸುವಾಗ ಅವರ ತಟ್ಟೆಯಿಂದಲೇ ಶುರುಮಾಡಿ.